ಯಾವ ಏಳೂವರೆ?

ಜೆಟ್ ಲ್ಯಾಗ್ ಎನ್ನುವುದು ಮನೋದೌರ್ಬಲ್ಯ. ಅದು ಸಾಮಾನ್ಯರಿಗೆ ಬರುವ ಕಾಯಿಲೆ, ನನ್ನಂಥವನಿಗಲ್ಲ! ಹೀಗೆಂದು ಕೆನಡಾದ ಹ್ಯಾಲಿಫ್ಯಾಕ್ಸ್ ವಿಮಾನ ನಿಲ್ದಾಣದಲ್ಲಿ, ಹೆಂಡತಿ ಸುಚಿನ್ ಎದುರು ನಿಂತು, ಎದೆಯುಬ್ಬಿಸಿ ಘೋಷಿಸಿದೆ. ಪಕ್ಕದ ಸಾಲಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಸುಚಿನ್ ಮಾತ್ರ ನೋಡಲಿಲ್ಲ. ಮದುವೆಯಾಗಿ ಎಂಟು ವರ್ಷವಾಗಿದೆ, ನನ್ನ ಘೋಷಣೆಗಳಿಗೆ ಅವಳು ತಿರುಗಿ ನೋಡುವುದನ್ನು ನಿಲ್ಲಿಸಿ ಏಳು ವರ್ಷವಾಗಿದೆ.

ನಾನು ಹೊರಟಿದ್ದದ್ದು ಚೀನಾದ ಚೆಂಗ್ಡುವಿಗೆ. ನನ್ನ ಬಾಲ್ಯದ ಗೆಳೆಯ ಡಂಕನ್ ಒಂಬತ್ತು ವರ್ಷದಿಂದ ಅಲ್ಲಿ ನೆಲೆಸಿದ್ದಾನೆ, ಶನಿವಾರ ಅವನ ಮದುವೆ. ನನಗೇನೂ ಆ ಊರು ಹೊಸದಲ್ಲ. ಹನ್ನೊಂದು ವರ್ಷ ಅಲ್ಲೇ ಮೇಷ್ಟರಾಗಿದ್ದು, ಆ ಊರಿನ ಸುಚಿನ್‌ಳನ್ನೇ ಮದುವೆಯಾಗಿ, ಆ ಊರಿನ ಭಾಷೆಯಲ್ಲೇ ಅವಳೊಡನೆ ಜಗಳವಾಡುವಷ್ಟು ಪಾಂಡಿತ್ಯ ಗಳಿಸಿ, ಎರಡು ವರ್ಷದ ಹಿಂದಷ್ಟೇ ತವರಿಗೆ ಮರಳಿದವನು. ಮ್ಯಾಕೈಸಾಕ್ ಎಂಬ ನನ್ನ ಹೆಸರು ಚೆಂಗ್ಡುವಿನ ಬಾಯಲ್ಲಿ ಸವೆದು ಸವೆದು ಬರೀ 'ಮಾ' ಆಗಿ ಉಳಿದಿದೆ. ಸುಚಿನ್‌ಗೆ ರಜೆ ಸಿಗಲಿಲ್ಲ. ಹಾಗಾಗಿ ಒಂಟಿ ವೀರನಾಗಿ ಹೊರಟೆ.

ಇನ್ನು ನನ್ನ ಕೈಗಡಿಯಾರದ ಮಹಿಮೆ ಹೇಳಬೇಕು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಹ್ಯಾಲಿಫ್ಯಾಕ್ಸ್‌ಗೂ ಚೆಂಗ್ಡುವಿಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಏಳಾದರೆ ಅಲ್ಲಿ ಸಂಜೆ ಏಳು. ತಾತ ಬಿಟ್ಟುಹೋದ, ಕೀಲಿ ಕೊಡುವ ಗಡಿಯಾರವನ್ನು ಸುಚಿನ್ ಮೂಗಿನ ಮುಂದೆ ಹಿಡಿದು, "ನೋಡು, ಮುಳ್ಳು ಮುಟ್ಟೋದೇ ಬೇಡ. ಭೂಮಿಯೇ ನನ್ನ ಗಡಿಯಾರಕ್ಕೆ ಹೊಂದಿಕೊಂಡು ತಿರುಗ್ತಿದೆ" ಎಂದೆ.

"ಗಡಿಯಾರದ ಚಿಂತೆ ನನಗಿಲ್ಲ. ಅದನ್ನ ಕಟ್ಟಿಕೊಂಡಿರೋನದ್ದೇ ಚಿಂತೆ" ಎಂದಳು ಸುಚಿನ್. ಹೋದ ತಕ್ಷಣ ಎರಡು ಗಂಟೆ ಮಲಗಬೇಕು, ಎದ್ದ ಮೇಲೆ ಯಾರನ್ನಾದರೂ ಹೊತ್ತು ಕೇಳಬೇಕು, ಕೇಳುವುದರಲ್ಲಿ ಅವಮಾನವೇನೂ ಇಲ್ಲ ಎಂದೂ ಹೇಳಿದಳು. ಹೊತ್ತು ಕೇಳುವುದು! ನಾನು! ನಕ್ಕುಬಿಟ್ಟೆ.

ಮದುವೆಯ ಸಂಗತಿ ಮಾತ್ರ ನಗುವಂಥದ್ದಲ್ಲ. ಹುಡುಗಿ ಯೂಟಾಂಗ್‌ಳನ್ನು ಸಾಕಿದ್ದು ಅವಳ ಅಜ್ಜಿ. ವಯಸ್ಸು ಎಂಬತ್ತನಾಲ್ಕು, ಕಿವಿ ಮಂದ, ಮಾತು ಚುರುಕು. ಈ ಪರದೇಶದವರಿಗೆ ಮದುವೆಯೆಂದರೆ ಒಂದು ಸಹಿ, ಒಂದು ಮುತ್ತು, ಅಷ್ಟೇ, ಅಂಥವರಿಗೆ ಹುಡುಗಿ ಕೊಡುವುದಿಲ್ಲ ಎಂದು ಎರಡು ವರ್ಷ ಹಟ ಹಿಡಿದಿದ್ದರು. ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಎಲ್ಲವೂ ಹಳೆಯ ಕ್ರಮದಲ್ಲೇ ನಡೆಯಬೇಕು, ಮದುಮಗಳು ಬೆಳಿಗ್ಗೆ ಎಂಟು ಗಂಟೆ ಐವತ್ತೆಂಟು ನಿಮಿಷದೊಳಗೆ ತವರಿನ ಹೊಸಿಲು ದಾಟಬೇಕು. ಆ ನಿಮಿಷ ತಪ್ಪಿದರೆ ಮುಂದಿನ ಒಳ್ಳೆಯ ದಿನ ಇರುವುದು ಎಂಟು ತಿಂಗಳ ನಂತರ.

ಹೊಸಿಲು ದಾಟಿಸುವುದೇನು ಸುಲಭವೇ! ಗಂಡಿನ ಕಡೆಯವರು ಬಂದಾಗ ಹೆಣ್ಣಿನ ಕಡೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಣ ತುಂಬಿದ ಕೆಂಪು ಲಕೋಟೆಗಳನ್ನು ಬಾಗಿಲ ಸಂದಿಯಲ್ಲಿ ತೂರಿಸಿ, ಬೇಡಿ, ಹಾಡಿ ಒಳಗೆ ಹೋಗಬೇಕು. ಹೋದಮೇಲೆ ಮದುಮಗಳ ಒಂದು ಕೆಂಪು ಚಪ್ಪಲಿ ಕಾಣೆಯಾಗಿರುತ್ತದೆ. ಮನೆಯಲ್ಲೆಲ್ಲೋ ಅಡಗಿಸಿಟ್ಟಿರುತ್ತಾರೆ. ಅದು ಸಿಕ್ಕಿ ಕಾಲಿಗೆ ಏರುವವರೆಗೆ ಅವಳು ಮಂಚ ಬಿಟ್ಟು ಇಳಿಯುವುದಿಲ್ಲ. ಒಂಬತ್ತು ವರ್ಷವಾದರೂ ಬೆರಳು ತೋರಿಸಿಯೇ ನೂಡಲ್ಸ್ ತರಿಸಿಕೊಳ್ಳುವ ಡಂಕನ್‌ನಿಂದ ಇದೆಲ್ಲ ಆಗುವ ಮಾತಲ್ಲ. ಆದ್ದರಿಂದ ಈ ದಂಡಯಾತ್ರೆಗೆ ಸೇನಾಪತಿ ನಾನು!

ಮೂವತ್ತೊಂದು ಗಂಟೆ, ಮೂರು ವಿಮಾನ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಚೆಂಗ್ಡುವಿನಲ್ಲಿ ಇಳಿದೆ. ಡಂಕನ್ ತಬ್ಬಿಕೊಂಡು ನನ್ನ ಕೋಟು ನೋಡಿ ನಕ್ಕ. ಹ್ಯಾಲಿಫ್ಯಾಕ್ಸ್‌ನ ಚಳಿಗೆ ಹೊಲಿಸಿದ, ಮೊಣಕಾಲು ದಾಟುವ ಕೋಟು ಅದು. ಒಳಗೂ ಹೊರಗೂ ಸೇರಿ ಏಳು ಜೇಬು, ಒಂದೊಂದರಲ್ಲೂ ಒಂದೊಂದು ದೊಡ್ಡ ಮೀನು ಹಿಡಿಸುತ್ತದೆ. ಮನೆಗೆ ಹೋಗಿ, ಖಾರದ ನೂಡಲ್ಸ್ ತಿಂದು, ಮಾತಾಡಿ ಮಾತಾಡಿ ಮೂರು ಗಂಟೆಯಾಯಿತು. ಡಂಕನ್ ತನ್ನ ಮದುವೆಯ ಸೂಟನ್ನು ಇಸ್ತ್ರಿಗೆ ಕೊಡಬೇಕಿತ್ತು, ಛತ್ರದ ಅಲಂಕಾರ ನೋಡಬೇಕಿತ್ತು. ಎಂಟು ಗಂಟೆಗೆ ಊಟ ತರುತ್ತೇನೆಂದು ಹೇಳಿ ಬಾಗಿಲಲ್ಲಿ ನಿಂತು, "ಮಲಗಬೇಡ ಕಣೋ. ಮಲಗಿದ್ರೆ ನೀನು ಕೆಟ್ಟೆ, ನಾನೂ ಕೆಟ್ಟೆ" ಎಂದ.

"ಮಲಗೋದಾ? ನಾನಾ?" ಎಂದೆ. ಅವನು ಹೋದ. ಶೂ ಲೇಸು ಬಿಚ್ಚೋಣವೆಂದು ಸೋಫಾದ ಮೇಲೆ ಕೂತೆ. ಒಂದು ಶೂ ಬಿಚ್ಚಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಗಡಿಯಾರ ಏಳು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಕಿಟಕಿಯಾಚೆ ಬೂದಿ ಬಣ್ಣದ ಬೆಳಕು. ಚೆಂಗ್ಡುವಿನ ಆಕಾಶ ಗೊತ್ತಲ್ಲ, ಅದಕ್ಕೆ ಇರುವುದೇ ಒಂದು ಬಣ್ಣ. ಮನೆಯಲ್ಲಿ ಡಂಕನ್ ಇಲ್ಲ. ಮೊಳೆಗೆ ತೂಗುಹಾಕಿದ್ದ ಮದುವೆಯ ಸೂಟೂ ಇಲ್ಲ! ಅಯ್ಯೋ, ಬೆಳಗಾಗಿಬಿಟ್ಟಿದೆ! ಹದಿನಾರು ಗಂಟೆ ನಿದ್ದೆ ಮಾಡಿದ್ದೇನೆ! ನನ್ನನ್ನು ಎಬ್ಬಿಸಿ ಎಬ್ಬಿಸಿ ಸಾಕಾಗಿ, ಸೇನಾಪತಿಯಿಲ್ಲದೆಯೇ ಸೈನ್ಯ ಹೊರಟುಹೋಗಿದೆ!

ಫೋನ್ ನೋಡಿದೆ. ಅದು 'ಶುಕ್ರವಾರ, ಏಳು ಗಂಟೆ ಐದು ನಿಮಿಷ' ಎಂದಿತು. ಅಷ್ಟು ಗಾಬರಿಯಲ್ಲೂ ನನ್ನ ತರ್ಕ ಕುಸಿಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಲ್ಲಿ ಶನಿವಾರ ಬೆಳಿಗ್ಗೆ ಏಳು ಎಂದರೆ ಹ್ಯಾಲಿಫ್ಯಾಕ್ಸ್‌ನಲ್ಲಿ ಶುಕ್ರವಾರ ಸಂಜೆ ಏಳು. ಪಾಪ, ಫೋನು ಇನ್ನೂ ಊರಿನ ವಾರವನ್ನೇ ಹೇಳುತ್ತಿದೆ! ಅದರ ದಡ್ಡತನಕ್ಕೆ ಮರುಗಿದೆ. ಡಂಕನ್‌ಗೆ ಕರೆ ಮಾಡಿದರೆ ಎತ್ತಲಿಲ್ಲ. ಸುಚಿನ್‌ಗೆ ಮಾಡಿದೆ. ಅವಳು ಏನನ್ನೋ ನುಂಗುತ್ತ ಹಲೋ ಎಂದಳು. ಏನು ತಿನ್ನುತ್ತಿದ್ದೀ ಎಂದೆ. ಓಟ್ಸ್ ಗಂಜಿ ಎಂದಳು. ರಾತ್ರಿಯೂಟಕ್ಕೆ ಓಟ್ಸ್ ಗಂಜಿಯೇ! ನಾನಿಲ್ಲದ ಎರಡೇ ದಿನಕ್ಕೆ ಮನೆಯ ಅಡುಗೆ ಈ ಗತಿಗೆ ಬಂತೇ ಎಂದು ಕರುಳು ಚುರುಕ್ಕೆಂದಿತು. ಸರಿಯಾಗಿ ಊಟ ಮಾಡು, ನಾನು ಹೆಣ್ಣಿನ ಮನೆಗೆ ಹೊರಟೆ ಎಂದೆ. ಅವಳು "ಈಗಲೇನಾ?" ಎನ್ನುವಷ್ಟರಲ್ಲಿ ಫೋನಿಟ್ಟೆ.

ಸೂಟು ಏರಿಸಿ, ಅದರ ಮೇಲೆ ಕೋಟು ಏರಿಸಿ, ಕೆಂಪು ಲಕೋಟೆಗಳ ಕಟ್ಟು ಹಿಡಿದು ಓಡಿದೆ. ಯೂಟಾಂಗ್ ಮನೆ ಎರಡೇ ಬೀದಿ ಆಚೆ. ಗೇಟಿನ ಕಾವಲುಗಾರ ತಾನ್ ಮಾಮ ಎರಡು ವರ್ಷದ ನಂತರ ನನ್ನನ್ನು ಕಂಡು, "ಏನು ಮಾ, ತಿಂದಾಯ್ತಾ?" ಎಂದ. ಇನ್ನೂ ಇಲ್ಲ ಎಂದು ಓಡಿದೆ. ಬೆಳಿಗ್ಗೆಯೋ ಸಂಜೆಯೋ ಎಂದು ಒಂದಿಷ್ಟೂ ಸುಳಿವು ಕೊಡದಂತೆ ಕುಶಲ ವಿಚಾರಿಸುವುದರಲ್ಲಿ ಈ ಊರಿಗೆ ಸಾಟಿಯಿಲ್ಲ. ಚೌಕದಲ್ಲಿ ನಲವತ್ತು ಹೆಂಗಸರು ಸಾಲಾಗಿ ನಿಂತು, ದೊಡ್ಡ ಸ್ಪೀಕರ್ ಇಟ್ಟು ಕುಣಿಯುತ್ತಿದ್ದರು. ಅವರು ಬೆಳಿಗ್ಗೆ ಏಳಕ್ಕೂ ಅದೇ ಹಾಡಿಗೆ ಕುಣಿಯುತ್ತಾರೆ, ಸಂಜೆ ಏಳಕ್ಕೂ ಅದೇ ಹಾಡಿಗೆ ಕುಣಿಯುತ್ತಾರೆ. ನೂಡಲ್ಸ್ ಅಂಗಡಿ ಎರಡು ಹೊತ್ತೂ ತುಂಬಿರುತ್ತದೆ. ಸಮವಸ್ತ್ರದ ಮಕ್ಕಳು ಚೀಲ ಹೊತ್ತು ನಡೆಯುತ್ತಿದ್ದರು. ಅವರು ಶಾಲೆಯ ಕಡೆ ನಡೆಯುತ್ತಿದ್ದಾರೋ ಶಾಲೆಯಿಂದ ಬರುತ್ತಿದ್ದಾರೋ ಎಂದು ನಿಂತು ನೋಡುವ ಪುರುಸೊತ್ತು ಸೇನಾಪತಿಗೆಲ್ಲಿ?

ಐದನೇ ಮಹಡಿ, ಲಿಫ್ಟ್ ಇಲ್ಲ. ಏದುಸಿರು ಬಿಡುತ್ತ ಹತ್ತಿದೆ. ಬಾಗಿಲಿಗೆ ಮಂಗಳದ ಕೆಂಪು ಕಾಗದ ಅಂಟಿಸಿದ್ದರು. ಮೆಟ್ಟಿಲಲ್ಲಿ ಡಂಕನ್ ಇಲ್ಲ, ಯಾರೂ ಇಲ್ಲ. ಆಹಾ, ಮದುವೆಯ ಗಾಡಿಗಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿವೆ, ನಾನೇ ಮೊದಲು ಬಂದಿದ್ದೇನೆ! ಉತ್ಸಾಹ ಉಕ್ಕಿತು. ಬಾಗಿಲು ಬಡಿದು, ಗಂಡಿನ ಕಡೆಯವರು ಬಂದಿದ್ದೇವೆ, ಹೆಣ್ಣನ್ನು ಕಳುಹಿಸಿಕೊಡಿ ಎಂದು ಐದೂ ಮಹಡಿಗೆ ಕೇಳುವಂತೆ ಕೂಗಿದೆ.

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಅಜ್ಜಿಯ ದನಿ, "ಯಾರದು?"

ಇನ್ನೊಮ್ಮೆ ಕೂಗಿದೆ. ಹೆಜ್ಜೆಯ ಸದ್ದು ನಿಧಾನವಾಗಿ ಬಾಗಿಲ ಕಡೆ ಬಂತು. ಆಮೇಲೆ ಬಾಗಿಲ ಸಂದಿಯ ಹತ್ತಿರವೇ ಅದೇ ದನಿ, "ಲಕೋಟೆ ಎಲ್ಲಿ?"

ತೂರಿಸಿದೆ. ಇಷ್ಟೇನಾ ಎಂದರು. ಇನ್ನೂ ತೂರಿಸಿದೆ. ಹಾಡು ಎಂದರು. ನನಗೆ ಪೂರ್ತಿ ಬರುವ ಹಾಡು ಒಂದೇ, ನಮ್ಮೂರ ಕಡಲಲ್ಲಿ ಬಲೆ ಎಳೆಯುವಾಗ ಹಾಡುವಂಥದ್ದು. ಅದನ್ನೇ ಚೆಂಗ್ಡುವಿನ ಮಾತಿಗೆ ತಿರುಗಿಸಿ ಹಾಡಿದೆ. ಮಹಡಿ ಮಹಡಿಯ ಬಾಗಿಲು ತೆರೆದು, ಕೈಯಲ್ಲಿ ಅನ್ನದ ಬಟ್ಟಲು ಹಿಡಿದುಕೊಂಡೇ ನೆರೆಯವರು ಬಂದು ನಿಂತರು. ಕೆಳಗಿನ ಮನೆಯ ಯಜಮಾನರು ಚಪ್ಪಾಳೆ ತಟ್ಟಿದರು. ನಾಲ್ಕು ಚರಣ ಹಾಡಿದ ಮೇಲೆ ಬಾಗಿಲು ತೆರೆಯಿತು. ಎಂಬತ್ತನಾಲ್ಕರ ಆ ಪುಟ್ಟ ಅಜ್ಜಿ ಎಲ್ಲ ಲಕೋಟೆಗಳನ್ನೂ ಎದೆಗವಚಿಕೊಂಡು, ಗಂಭೀರವಾಗಿ ನನ್ನನ್ನು ಒಳಗೆ ಕರೆದರು. ಸಿಹಿ ನೀರಿನಲ್ಲಿ ಬೇಯಿಸಿದ ಎರಡು ಮೊಟ್ಟೆ ಕೊಟ್ಟರು, ತಿಂದೆ. ಎಷ್ಟು ಸುಸೂತ್ರ! ಇನ್ನು ಚಪ್ಪಲಿ! ಜಯಘೋಷ ಮಾಡುತ್ತ ಮದುಮಗಳ ಕೋಣೆಗೆ ನುಗ್ಗಿದೆ.

ಮದುಮಗಳು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು, ಮುಖಕ್ಕೆ ಬಿಳಿಯ ಒದ್ದೆ ಹಾಳೆ ಅಂಟಿಸಿಕೊಂಡು, ಎರಡೂ ಕೈಯಲ್ಲಿ ಆ ಊರಿನವರ ಮೆಚ್ಚಿನ, ಖಾರ ಹಾಕಿ ಬೇಯಿಸಿದ ಮೊಲದ ತಲೆ ಹಿಡಿದು ಚೀಪುತ್ತಿದ್ದಳು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಯೂಟಾಂಗ್ ಮೊಲದ ತಲೆಯನ್ನು ತಟ್ಟೆಯಲ್ಲಿಟ್ಟಳು.

"ಮಾ ಅಣ್ಣ, ಈಗ ಎಷ್ಟು ಗಂಟೆ?"

"ಏಳೂವರೆ! ಯಾಕೆ ಇನ್ನೂ ಬಿಳಿ ಗೌನು... ಅಲ್ಲ, ಕೆಂಪು ಉಡುಪು ತೊಟ್ಟಿಲ್ಲ?" ಎಂದೆ. ಗಾಬರಿಯಲ್ಲಿ ಯಾವ ದೇಶದ ಮದುವೆ ಎಂಬುದೂ ಕಲಸಿಹೋಗಿತ್ತು.

"ಯಾವ ಏಳೂವರೆ?" ಎಂದಳು ಯೂಟಾಂಗ್.

ಕಿಟಕಿಯತ್ತ ನೋಡಿದೆ. ಬೆಳ್ಳಗಾಗಬೇಕಿದ್ದ ಆಕಾಶ ನನ್ನ ಕಣ್ಣೆದುರೇ ಕಪ್ಪಗಾಗುತ್ತಿತ್ತು. ಎದುರು ಮನೆಯಲ್ಲಿ ದೀಪ ಹತ್ತಿತು. ಓಟ್ಸ್ ಗಂಜಿ ನೆನಪಾಯಿತು.

ನನ್ನ ಮಾನದ ಮಾತು ಬಿಡಿ, ಅದು ಮೂರನೇ ಮಹಡಿಯವರೆಗೂ ಆಗಲೇ ಹರಾಜಾಗಿತ್ತು. ಯೂಟಾಂಗ್ ಡಂಕನ್‌ಗೆ ಫೋನ್ ಮಾಡಿದಳು. ನಿನ್ನ ಸ್ನೇಹಿತನನ್ನು ಕರೆದುಕೊಂಡು ಹೋಗು ಎಂದಳು. ಆದರೆ ಮದುವೆಯ ಹಿಂದಿನ ದಿನ ಗಂಡು ಹೆಣ್ಣು ಪರಸ್ಪರ ಮುಖ ನೋಡಬಾರದು, ಅದೂ ಅಜ್ಜಿಯ ಹಳೆಯ ಕ್ರಮದಲ್ಲಿ ಸೇರಿತ್ತು. ಹತ್ತು ನಿಮಿಷದಲ್ಲಿ ಡಂಕನ್ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆ, ಗೋಡೆಗೆ ಮುಖ ಮಾಡಿಕೊಂಡು ಬೀದಿಯಲ್ಲಿ ನಿಂತ. ಹಾಗೆ ಗೋಡೆಗೇ ಬೈಯತೊಡಗಿದ. ಬೈದದ್ದೆಲ್ಲ ನನಗೇ, ಐದನೇ ಮಹಡಿಯವರೆಗೂ ಸ್ಪಷ್ಟವಾಗಿ ಬಂತು.

ನಾನು ಕಿಟಕಿಯಲ್ಲಿ ಬಗ್ಗಿ ಕ್ಷಮೆ ಕೇಳುತ್ತಿದ್ದಾಗ ಅಜ್ಜಿ, ಹಸಿದುಕೊಂಡು ಬಂದಿದ್ದೀಯ ಮಗಾ ಎನ್ನುತ್ತ, ನನ್ನ ಕೋಟಿನ ಏಳೂ ಜೇಬಿಗೆ ಕಡಲೆಕಾಯಿ, ಕೆಂಪು ಖರ್ಜೂರ ತುಂಬಿದರು. ಆ ಹೊತ್ತಿನಲ್ಲಿ ಅವರೊಬ್ಬರೇ ನನ್ನ ಮೇಲೆ ಕರುಣೆ ತೋರಿದವರು. ಕಣ್ಣು ತುಂಬಿಬಂತು.

ಮರುದಿನ ಬೆಳಿಗ್ಗೆ ನಾನು ಹೊಸ ಮನುಷ್ಯ. ರಾತ್ರಿ ಮೂರರಿಂದಲೇ ಎದ್ದು ಕೂತಿದ್ದೆ, ಜೆಟ್ ಲ್ಯಾಗ್‌ಗೂ ಒಂದು ಉಪಯೋಗ ಇದೆ. ಏಳು ಗಂಟೆ ಮೂವತ್ತೆಂಟಕ್ಕೆ ಡಂಕನ್‌ನನ್ನೂ, ಮಾತೇ ಆಡದ ಅವನ ಆಫೀಸಿನ ಇಬ್ಬರು ಗೆಳೆಯರನ್ನೂ ಹಿಂದಿಟ್ಟುಕೊಂಡು ಬಾಗಿಲು ಬಡಿದೆ. ಹಾಡು ಆಗಲೇ ಅಭ್ಯಾಸವಾಗಿತ್ತು. ಎರಡನೇ ಚರಣಕ್ಕೇ ಮೂರನೇ ಮಹಡಿಯವರೂ ದನಿಗೂಡಿಸಿದರು! ಬಾಗಿಲು ತೆರೆಯಿತು. ಕೆಂಪು ಉಡುಪಿನಲ್ಲಿ ಯೂಟಾಂಗ್ ಮಂಚದ ಮೇಲೆ ದೇವತೆಯಂತೆ ಕೂತಿದ್ದಳು, ಒಂದು ಕಾಲಲ್ಲಿ ಕೆಂಪು ರೇಷ್ಮೆಯ ಚಪ್ಪಲಿ, ಇನ್ನೊಂದು ಬರಿಗಾಲು. ನಿನ್ನೆಯ ಅಪರಾಧವನ್ನೆಲ್ಲ ಈ ಒಂದು ಚಪ್ಪಲಿಯಿಂದ ತೊಳೆದುಕೊಳ್ಳುತ್ತೇನೆ ಎಂದು ಶಪಥ ಮಾಡಿದೆ.

ಚಪ್ಪಲಿ ಅಡಗಿಸುವವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ಉಳಿದವರಿಗೆ ಉಪನ್ಯಾಸ ಕೊಡುತ್ತ ಹುಡುಕಿದೆ. ಹಾಸಿಗೆ ಕೆಳಗೆ, ಅಕ್ಕಿ ಡಬ್ಬದಲ್ಲಿ, ಬಟ್ಟೆ ಒಗೆಯುವ ಯಂತ್ರದಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ತೀರಿಹೋದ ತಾತನ ಫೋಟೋದ ಹಿಂದೆಯೂ, ಅವರ ಕ್ಷಮೆ ಕೇಳಿಕೊಂಡು. ಎಂಟೂ ಹತ್ತು. ಎಂಟೂವರೆ. ಹಸಿವಾದಾಗ ಬಲಗಡೆಯ ಜೇಬಿನಿಂದ ಒಂದೊಂದು ಖರ್ಜೂರ ಬಾಯಿಗೆ ಹಾಕಿಕೊಂಡು ಮತ್ತೆ ಹುಡುಕಿದೆ. ಆ ಹಳೆಯ ಮನೆಗಳಲ್ಲಿ ಹೊರಗಿಗಿಂತ ಒಳಗೇ ಚಳಿ ಹೆಚ್ಚು, ಕೋಟು ತೆಗೆಯುವ ಪ್ರಶ್ನೆಯೇ ಇಲ್ಲ. ಮದುಮಗಳ ಗೆಳತಿಯರು ಮೊದಲು ನಗುತ್ತಿದ್ದರು. ಎಂಟೂ ಮುಕ್ಕಾಲಿಗೆ ಅವರೂ ನಗು ನಿಲ್ಲಿಸಿ ಹುಡುಕತೊಡಗಿದರು. ಎಲ್ಲಿದೆ ಎಂದು ಯೂಟಾಂಗ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಜ್ಜಿಗೆ ಮಾತ್ರ. ಅವರು ಬಿದಿರಿನ ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಿದ್ದರು, ಯಾರು ಏನು ಕೇಳಿದರೂ ಕಿವಿ ಕೇಳಿಸುತ್ತಿರಲಿಲ್ಲ.

ಎಂಟು ಐವತ್ತೆರಡಕ್ಕೆ ಡಂಕನ್ ನನ್ನ ತೋಳು ಹಿಡಿದುಕೊಂಡ. "ಎಂಟು ತಿಂಗಳು ಕಾಯೋಕಾಗಲ್ಲ ಕಣೋ. ಈ ಅಜ್ಜಿಯನ್ನ ಒಪ್ಪಿಸೋಕೆ ಎರಡು ವರ್ಷ ಹಿಡೀತು. ಏನಾದ್ರೂ ಮಾಡು" ಎಂದ.

ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಗು, ಉಪನ್ಯಾಸ, ಶಪಥ ಎಲ್ಲ ಇಳಿದುಹೋಯಿತು. ನಿಜವಾಗಿ ಹೆದರಿದೆ. ಅಜ್ಜಿಯ ಕುರ್ಚಿಯ ಮುಂದೆ ಮೊಣಕಾಲೂರಿ, ಸೋತೆ ಅಜ್ಜಿ, ನೀವೇ ಹೇಳಿ ಎಂದು ಅವರ ಕಿವಿಯಲ್ಲೇ ಕೂಗಿದೆ.

ಅಜ್ಜಿ ಗೋಡೆಯ ಗಡಿಯಾರ ನೋಡಿದರು. ಎಂಟು ಐವತ್ತನಾಲ್ಕು. ಚಹಾದ ಲೋಟ ಕೆಳಗಿಟ್ಟರು.

"ಬೆಳಿಗ್ಗೆಯಿಂದ ಬಳಲಿದ್ದೀಯ ಮಗಾ. ಒಂದು ಖರ್ಜೂರ ತಿನ್ನು."

"ಅಜ್ಜಿ, ಈಗ ಖರ್ಜೂರ..."

"ಬಲಗಡೆದೇ ತಿಂತಿದ್ದೀಯಲ್ಲ. ಎಡಗಡೆ ಒಳಜೇಬಲ್ಲೂ ಹಾಕಿದ್ದೆ."

ಕೈ ಹಾಕಿದೆ. ಕಡಲೆಕಾಯಿ. ಖರ್ಜೂರ. ಅದರ ಕೆಳಗೆ ಮೆತ್ತಗೆ, ನುಣ್ಣಗೆ, ರೇಷ್ಮೆಯಂಥದ್ದು ಏನೋ. ಹೊರತೆಗೆದೆ. ಕೆಂಪು ಚಪ್ಪಲಿ!

ಮನೆಯಲ್ಲಿ ಎದ್ದ ನಗುವಿಗೆ ಕೆಳಗಿನ ಚೌಕದಲ್ಲಿ ಕುಣಿಯುತ್ತಿದ್ದವರೂ ನಿಂತು ಮೇಲೆ ನೋಡಿದರಂತೆ. ಡಂಕನ್ ನಗಲಿಲ್ಲ. ಚಪ್ಪಲಿ ಕಸಿದುಕೊಂಡು, ಮಂಡಿಯೂರಿ, ಅದನ್ನು ಯೂಟಾಂಗ್ ಕಾಲಿಗೆ ತೊಡಿಸಿ, ಅವಳನ್ನು ಎತ್ತಿಕೊಂಡು ಓಡಿದ. ಹೊಸಿಲು ದಾಟಿದಾಗ ಎಂಟು ಐವತ್ತೇಳು!

ಜನ ಇಳಿದುಹೋದ ಮೇಲೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತ, ನಿನ್ನೆ ನಾನು ತಪ್ಪು ಹೊತ್ತಿಗೆ ಬಂದಿದ್ದೆನೆಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

"ಮಂದ ಆಗಿರೋದು ಕಿವಿ ಕಣೋ, ಕಣ್ಣಲ್ಲ. ಕಿಟಕೀಲಿ ಕತ್ತಲಾಗ್ತಿತ್ತಲ್ಲ" ಎಂದರು ಅಜ್ಜಿ. ಎರಡು ಮೆಟ್ಟಿಲು ಇಳಿದು ನಿಂತರು. "ಹನ್ನೆರಡು ಗಂಟೆ ಮುಂಚೆ ಬಂದು, ಒಬ್ಬನೇ ನಿಂತು, ಅಷ್ಟು ಕೆಟ್ಟದಾಗಿ ಹಾಡಿದೆಯಲ್ಲ. ನಮ್ಮ ಹುಡುಗಿ ಇವರಿಗೆ ಬೇಕೇ ಬೇಕು ಅಂತ ಆಗಲೇ ನನಗೆ ನಂಬಿಕೆ ಬಂದಿದ್ದು. ಆಮೇಲೆ ಚಪ್ಪಲಿ ಎಲ್ಲಿ ಇಡೋದು ಅಂತ ಯೋಚನೆ ಆಗಿತ್ತು. ನೀನೇ ಜೇಬು ತಂದುಕೊಟ್ಟೆ."

ಮಧ್ಯಾಹ್ನ ಛತ್ರದಲ್ಲಿ ಊಟ, ಊಟದ ಕೊನೆಗೆ ನನ್ನ ಭಾಷಣ. ಮೂರು ಪುಟ ಬರೆದುಕೊಂಡಿದ್ದೆ. ಮೀನು ಬಂತು, ಕೋಳಿ ಬಂತು. ಭಾಷಣಕ್ಕೆ ಕರೆಯುವವರೆಗೆ ಒಂದು ನಿಮಿಷ ಕಣ್ಣಿಗೆ ವಿಶ್ರಾಂತಿ ಕೊಡೋಣ ಅನ್ನಿಸಿತು.

ಕಣ್ಣು ಬಿಟ್ಟಾಗ ಡಂಕನ್ ಮನೆಯ ಅದೇ ಸೋಫಾ. ಮೈಮೇಲೆ ಅದೇ ಕೋಟು. ಕಿಟಕಿಯಲ್ಲಿ ಅದೇ ಬೂದಿ ಬೆಳಕು. ಕೆಳಗೆ ಅದೇ ಹಾಡು, ಅದೇ ಕುಣಿತ. ಗಡಿಯಾರದಲ್ಲಿ ಏಳು ಗಂಟೆ ಐದು ನಿಮಿಷ. ಮನೆಯಲ್ಲಿ ನರಪಿಳ್ಳೆಯೂ ಇಲ್ಲ. ಭಾಷಣದ ಮೂರು ಪುಟ ಯಾರೋ ಮಡಚಿ, ನೀಟಾಗಿ, ನನ್ನ ಎಡಗಡೆಯ ಒಳಜೇಬಿನಲ್ಲಿಟ್ಟಿದ್ದರು.

ಈ ಸಲ ನಾನು ಎಲ್ಲಿಗೂ ಓಡಲಿಲ್ಲ. ತೆಪ್ಪಗೆ ಎದ್ದು ಕೂತು ಹೆಂಡತಿಗೆ ಫೋನ್ ಮಾಡಿದೆ.

"ಸುಚಿನ್, ಇಲ್ಲಿ ಈಗ ಬೆಳಿಗ್ಗೆನೋ ಸಂಜೆನೋ?"

ಆ ಕಡೆಯಿಂದ ಚಮಚ ಬಟ್ಟಲಿಗೆ ತಾಗಿದ ಸದ್ದು ಬಂತು.

"ನಾನು ಓಟ್ಸ್ ಗಂಜಿ ತಿಂತಾ ಇದ್ದೀನಿ" ಎಂದಳು ಸುಚಿನ್. "ಉಳಿದದ್ದನ್ನ ನಿನ್ನ ಗಡಿಯಾರನೇ ಕೇಳ್ಕೋ."